ಕೊಣಾಜೆಯ ಪಿಎಚ್‌ಡಿಗೂ 30, ಐಐಎಸ್‌ಸಿಯದಕ್ಕೂ 30

ಎಂಎಸ್ಸಿ ಮುಗಿಸಿದವರ ಪ್ರಶ್ನೆ ಹೆಚ್ಚಾಗಿ ಒಂದೇ: ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲೇ ಪಿಎಚ್‌ಡಿಗೆ ಸೇರುವುದೋ, ಒಂದು ವರ್ಷ ಕಾದು ಸುರತ್ಕಲ್ಲಿನ ಎನ್‌ಐಟಿಕೆಗೋ ಬೆಂಗಳೂರಿನ ಐಐಎಸ್‌ಸಿಗೋ ಪ್ರಯತ್ನಿಸುವುದೋ? ಮುಂದೆ ಯಾವ ಹುದ್ದೆಗೆ ಅರ್ಜಿ ಹಾಕುತ್ತೀರಿ ಎಂದು ಗೊತ್ತಾಗದೆ ಇದಕ್ಕೆ ಉತ್ತರ ಹೇಳಲಾಗದು.

ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಸಾಕು ಎನ್ನುವವರಿಗೆ ಸಂಸ್ಥೆಯ ಹೆಸರಿನಿಂದ ಏನೂ ಆಗಬೇಕಿಲ್ಲ. 2022ರಲ್ಲಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸಿದ್ದು ಲಿಖಿತ ಪರೀಕ್ಷೆ.

ವಿಶ್ವವಿದ್ಯಾಲಯದ ಹುದ್ದೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಅಂಕಪಟ್ಟಿ ನೋಡಿ. ಪಿಎಚ್‌ಡಿಗೆ 30 ಅಂಕ, ಅದು ಎಲ್ಲಿಯದೇ ಆಗಲಿ. ಒಬ್ಬರಿಗೆ ಡಿಗ್ರಿಯಲ್ಲಿ 70 ಶೇಕಡಾ (13 ಅಂಕ), ಪಿಜಿಯಲ್ಲಿ 72 (23), ಕೆ-ಸೆಟ್ ಎಂಬ ರಾಜ್ಯಮಟ್ಟದ ಅಧ್ಯಾಪಕ ಅರ್ಹತಾ ಪರೀಕ್ಷೆ (3), ಮೂರು ಪ್ರಬಂಧ (6), ಎರಡು ವರ್ಷದ ಪಾಠ (4) ಇದ್ದರೆ ಪಿಎಚ್‌ಡಿಯ 30 ಸೇರಿ ಒಟ್ಟು 79. ದೊಡ್ಡ ಸಂಸ್ಥೆಯಿಂದ ಬಂದ ಇನ್ನೊಬ್ಬರಿಗೆ ಡಿಗ್ರಿಯಲ್ಲಿ ಅಷ್ಟೇ ಇದ್ದು, ಪಿಜಿಯಲ್ಲಿ 58 (20), ಐದು ಪ್ರಬಂಧ (10), ಪಿಎಚ್‌ಡಿ ನಂತರದ ಎರಡು ವರ್ಷದ ಸಂಶೋಧನೆ, ಅಂದರೆ ಪೋಸ್ಟ್‌ಡಾಕ್ (4), ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ನೆಟ್ ಇಲ್ಲ, ಒಟ್ಟು 77. ಆದರೆ ಈ ಅಂಕ ಸಂದರ್ಶನಕ್ಕೆ ಕರೆಯುವ ತನಕ ಮಾತ್ರ. ಆಮೇಲಿನ ಆಯ್ಕೆ ಪೂರ್ತಿ ಸಂದರ್ಶನದ ಮೇಲೆ. ಹೆಸರು ಕೆಲಸ ಮಾಡುವುದು ಅಲ್ಲಿ, ಸದ್ದಿಲ್ಲದೆ. ನಿಯಮದಲ್ಲೇ ಹೆಸರಿಗೆ ಬೆಲೆ ಕಟ್ಟಿರುವುದು ಒಂದು ಕಡೆ: ಕ್ಯುಎಸ್, ಟೈಮ್ಸ್ ಅಥವಾ ಶಾಂಘೈ ರ‍್ಯಾಂಕಿಂಗ್‌ನ ಮೊದಲ 500ರೊಳಗಿನ ವಿದೇಶಿ ಪಿಎಚ್‌ಡಿಗೆ ನೆಟ್ ಬೇಕಿಲ್ಲ.

ಐಐಟಿಯಂಥ ಕಡೆ ಲೆಕ್ಕವೇ ಬೇರೆ. ಅಲ್ಲಿ ನೋಡುವುದು ಪ್ರಬಂಧಗಳು, ಶಿಫಾರಸು ಪತ್ರ, ಸೆಮಿನಾರ್, ಪಿಎಚ್‌ಡಿ ನಂತರದ ಅನುಭವ. ಪತ್ರ ಬರೆದವರನ್ನು ಓದುವವರು ಬಲ್ಲರೇ ಎಂಬುದು ದೊಡ್ಡ ವಿಷಯ. ಅಮೆರಿಕದಲ್ಲಂತೂ ಇದು ಅಂಕಿಅಂಶದಲ್ಲೇ ಕಾಣುತ್ತದೆ: 2022ರಲ್ಲಿ ನೇಚರ್‌ನಲ್ಲಿ ಬಂದ ಅಧ್ಯಯನದ ಪ್ರಕಾರ ಅಲ್ಲೇ ಪಿಎಚ್‌ಡಿ ಪಡೆದ ಅಧ್ಯಾಪಕರಲ್ಲಿ 80 ಶೇಕಡಾ ಮಂದಿ ಸುಮಾರು ಐದನೇ ಒಂದು ಭಾಗ ವಿಶ್ವವಿದ್ಯಾಲಯಗಳಿಂದ ಬಂದವರು. ಪೋಸ್ಟ್‌ಡಾಕ್‌ಗೆ ಹೊರದೇಶಕ್ಕೆ ಹೋಗುವ ಯೋಚನೆಯಿದ್ದರೆ ಒಂದು ವರ್ಷ ಕಾಯುವುದು ನಷ್ಟವಲ್ಲ.

ಉಳಿದವರು ಸಂಸ್ಥೆಯ ಬೋರ್ಡಿಗಿಂತ ಮೊದಲು ಗೈಡನ್ನು ನೋಡಬೇಕು. ಪಿಎಚ್‌ಡಿ ಮಹಾಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಅವರ ಹೆಸರು ಹಾಕಿ ಹುಡುಕಿ. ಎಷ್ಟು ಮಹಾಪ್ರಬಂಧ ಮುಗಿದಿವೆ, ಅವುಗಳಿಂದ ಎಂಥ ಪತ್ರಿಕೆಗಳಲ್ಲಿ ಪ್ರಕಟಣೆ ಬಂದಿದೆ, ಬರೆದವರು ಈಗ ಎಲ್ಲಿದ್ದಾರೆ? ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ನಾಲ್ಕು ವರ್ಷ ಉಳಿದವರ ಹತ್ತಿರ ಸೇರಿದರೂ ನಡುವೆ ಗೈಡ್ ಬದಲಾಗುವ ಸಂಭವ ಇದ್ದೇ ಇದೆ. ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕೇ ಸೀಟು, ಸಹ ಪ್ರಾಧ್ಯಾಪಕರಿಗೆ ಆರು, ಪ್ರಾಧ್ಯಾಪಕರಿಗೆ ಎಂಟು. ಎಂಟೂ ತುಂಬಿರುವ ಕಡೆ ನಿಮ್ಮ ಅಧ್ಯಾಯ ತಿದ್ದಿ ವಾಪಸ್ ಬರಲು ಎಷ್ಟು ತಿಂಗಳು ಬೇಕು ಎಂದು ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ.

ನೆಟ್ ಮೂಲಕ ಸಿಗುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ ಬಂದಿದ್ದರೆ ಆಯ್ಕೆಯ ಹಗ್ಗ ನಿಮ್ಮ ಕೈಲಿ. ತಿಂಗಳಿಗೆ 37,000 ರೂಪಾಯಿ ನೀವೇ ತರುವುದರಿಂದ ಒಳ್ಳೆಯ ಗೈಡ್‌ಗಳೂ ಬೇಗ ಒಪ್ಪುತ್ತಾರೆ. ಸ್ಟೈಪೆಂಡ್ ಇಲ್ಲದೆ ಸೇರಿ, ಹೊಟ್ಟೆಪಾಡಿಗೆ ಅತಿಥಿ ಉಪನ್ಯಾಸಕರಾಗಿ ದುಡಿದು, ಕೊನೆಗೆ ಅವಸರಕ್ಕೆ ಹಣ ಕಟ್ಟಿ ಯಾವುದೋ ಜರ್ನಲ್‌ನಲ್ಲಿ ಪ್ರಬಂಧ ಹಾಕಿಸುವುದು ಎಲ್ಲಕ್ಕಿಂತ ದುಬಾರಿ ತಪ್ಪು. ಸಂದರ್ಶನದಲ್ಲಿ ಎದುರು ಕೂರುವ ಮೂವರು ವಿಷಯ ತಜ್ಞರು ಅಂಥ ಜರ್ನಲ್‌ನ ಹೆಸರನ್ನು ನಿಮ್ಮ ವಿಶ್ವವಿದ್ಯಾಲಯದ ಹೆಸರಿಗಿಂತ ಮೊದಲು ಗುರುತಿಸುತ್ತಾರೆ.