ಮೂರು ತಿಂಗಳಾದರೂ ಗಿಟಾರ್ ಕೈಗೆ ಒಗ್ಗುತ್ತಿಲ್ಲ, ಬಿಟ್ಟುಬಿಡಲಾ?

ಪ್ರಶ್ನೆ: ಮೂರು ತಿಂಗಳಿಂದ ಆನ್‌ಲೈನ್ ವಿಡಿಯೋ ನೋಡಿಕೊಂಡು ಅಕೌಸ್ಟಿಕ್ ಗಿಟಾರ್ ಕಲಿಯುತ್ತಿದ್ದೇನೆ. ಹೆಚ್ಚುಕಡಿಮೆ ದಿನಾ ಕೂರುತ್ತೇನೆ. ಆದರೂ ಬೆರಳು ಉರಿಯುತ್ತೆ. ಒಂದು ಕಾರ್ಡ್‌ನಿಂದ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತೆ. ಎಫ್ ಕಾರ್ಡ್ ಅಂತೂ ಬರೋದೇ ಇಲ್ಲ. ವಿಡಿಯೋದವರು ಹತ್ತೇ ದಿನದಲ್ಲಿ ಕಲಿಯಿರಿ ಅಂತಾರೆ. ನನ್ನ ಕೈಗೇ ಇದು ಬರಲ್ವೇನೋ ಅನ್ನಿಸುತ್ತಿದೆ. ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಕೊನೇ ಪಕ್ಷ ಇದನ್ನು ಓದಿ ಮುಗಿಸುವ ತನಕ ಬಿಡಬೇಡಿ.

ಮೊದಲು ಒಂದು ಲೆಕ್ಕ. ಗಿಟಾರ್ ತಯಾರಿಸುವ ಫೆಂಡರ್ ಕಂಪನಿ ತನ್ನ ಗಿರಾಕಿಗಳ ಬಗ್ಗೆ ವಿಚಾರಿಸಿ ನೋಡಿತ್ತು. ಹೊಸದಾಗಿ ಶುರುಮಾಡಿದವರಲ್ಲಿ ಶೇಕಡ 90ರಷ್ಟು ಜನ ಮೊದಲ ವರ್ಷದೊಳಗೇ ಗಿಟಾರ್ ಬಿಟ್ಟುಬಿಡುತ್ತಾರೆ ಎಂದು ಆಗ ಅದರ ಮುಖ್ಯಸ್ಥರಾಗಿದ್ದ ಆಂಡಿ ಮೂನಿ ಹೇಳಿದ್ದರು. 2017ರಲ್ಲಿ ಆ ಕಂಪನಿ ತಾನೇ ಆನ್‌ಲೈನ್ ಪಾಠವನ್ನೂ ಶುರುಮಾಡಿತು. ಗಿಟಾರ್ ಮೂಲೆ ಸೇರಿದರೆ ತಂತಿ ಯಾರು ಕೊಳ್ಳುತ್ತಾರೆ, ಅಲ್ವಾ? ಅಂದರೆ ನೀವು ಈಗ ನಿಂತಿರುವುದು ಬಹಳ ಜನ ಬಂದು, ನಿಂತು, ವಾಪಸು ಹೋದ ಜಾಗ. ಅಷ್ಟೂ ಜನರ ಕೈಯಲ್ಲಿ ಸಂಗೀತ ಇರಲಿಲ್ಲ ಅಂದರೆ ನಾನು ನಂಬುವುದಿಲ್ಲ.

ನನ್ನ ಅನುಮಾನವೇ ಬೇರೆ. ವಿಡಿಯೋ ಪಾಠಕ್ಕೆ ಬಾಯಿದೆ, ಕಿವಿ ಇಲ್ಲ. ಎದುರಿಗೆ ಕೂತು ಕಲಿಸುವವರಾದರೆ ನೀವು ಬೆರಳಿಟ್ಟ ಕೂಡಲೇ "ಸ್ವಲ್ಪ ಮುಂದಿಡಿ", "ಹೆಗಲು ಇಳಿಸಿ", "ತಡೀರಿ, ಐದನೇ ತಂತಿ ಶ್ರುತಿ ತಪ್ಪಿದೆ" ಅಂತಾರೆ. ಒಂದೊಂದೂ ಐದು ಸೆಕೆಂಡಿನ ಮಾತು. ಆ ಮಾತು ಸಿಗದೆ ಜನ ತಿಂಗಳುಗಟ್ಟಲೆ ತಪ್ಪನ್ನೇ ಅಭ್ಯಾಸ ಮಾಡುತ್ತಾರೆ. ಕೊನೆಗೆ ನನ್ನ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ನಾನೂ ವಿಡಿಯೋ ನೋಡಿಯೇ ಕಲಿತವನು. ಸಿ ಕಾರ್ಡ್ ಬಾರಿಸುವಾಗ ಆರೂ ತಂತಿ ಮೀಟುತ್ತಿದ್ದೆ. ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಬಿಡಬೇಕು ಅಂತ ಗೊತ್ತಾಗಿದ್ದು ಎಂಟು ತಿಂಗಳಾದ ಮೇಲೆ. ಅಲ್ಲಿಯವರೆಗೆ 'ನನ್ನ ಸಿ ಯಾಕೋ ಗೊರಗೊರ ಅನ್ನುತ್ತೆ' ಅಂತ ಗಿಟಾರನ್ನೇ ಬೈಯುತ್ತಿದ್ದೆ.

ಹಾಗಂತ ಗಿಟಾರನ್ನು ಬೈಯುವುದು ಯಾವಾಗಲೂ ತಪ್ಪಲ್ಲ. ಕುಣಿಯಲಾರದವರು ನೆಲ ಡೊಂಕು ಅಂದರಂತೆ ಎನ್ನುವ ಗಾದೆ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ನೆಲ ನಿಜವಾಗಿ ಡೊಂಕಿದ್ದರೂ ನಾವು ಬಾಯಿ ಬಿಡುವುದಿಲ್ಲ. ಹೊಸಬರು ಕೊಳ್ಳುವ ಗಿಟಾರ್‌ಗಳಲ್ಲಿ ನೆಲ ಡೊಂಕಿರುವುದು ತುಂಬ ಸಾಮಾನ್ಯ. ನೋಡಿಯೇ ಬಿಡೋಣ.

ಒಂದು ಸ್ಕೇಲ್ ತನ್ನಿ. ಹನ್ನೆರಡನೇ ಫ್ರೆಟ್ (ಕುತ್ತಿಗೆಯ ಮೇಲೆ ಅಡ್ಡಲಾಗಿ ಲೋಹದ ಪಟ್ಟಿ ಕೂರಿಸಿ ಮಾಡಿದ ಮನೆ) ಹತ್ತಿರ, ಆ ಲೋಹದ ಪಟ್ಟಿಯ ಮೇಲ್ತುದಿಯಿಂದ ದಪ್ಪ ತಂತಿಯ ತಳಕ್ಕೆ ಎಷ್ಟು ಎತ್ತರ ಇದೆ ಅಂತ ಅಳೆಯಿರಿ. ಇದಕ್ಕೆ ಆ್ಯಕ್ಷನ್ ಅಂತಾರೆ. ಎರಡರಿಂದ ಎರಡೂವರೆ ಮಿಲಿಮೀಟರ್ ಇದ್ದರೆ ಸರಿ. ಮೂರೂವರೆ, ನಾಲ್ಕು ಇದ್ದರೆ ನಿಮ್ಮ ಬೆರಳು ಸುಮ್ನೆ ಉರಿಯುತ್ತಿಲ್ಲ, ಕಾರಣ ಇದೆ.

ಎರಡನೇ ಪರೀಕ್ಷೆ ಇನ್ನೂ ಸುಲಭ. ಗಿಟಾರ್‌ನ ಕುತ್ತಿಗೆಯ ತುದಿಯಲ್ಲಿ, ಬಿರಡೆಗಳಿಗಿಂತ ಸ್ವಲ್ಪ ಕೆಳಗೆ, ತಂತಿಗಳು ಗೀರಿನಲ್ಲಿ ಕೂತು ಬರುವ ಸಣ್ಣ ಪಟ್ಟಿ ಇದೆಯಲ್ಲ, ಅದು ನಟ್. ಆ ಗೀರುಗಳು ಸಾಕಷ್ಟು ಆಳ ಇರದಿದ್ದರೆ ಮೊದಲನೇ ಫ್ರೆಟ್‌ನಲ್ಲಿ ತಂತಿ ಒತ್ತುವುದು ಕಬ್ಬಿಣ ಒತ್ತಿದ ಹಾಗೆ. ಒಂದನೇ ಫ್ರೆಟ್‌ಗೆ ಕ್ಯಾಪೋ (ಆರೂ ತಂತಿಯನ್ನು ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಹಾಕಿ ಅವೇ ಕಾರ್ಡ್‌ಗಳನ್ನು ಹಿಡಿದು ನೋಡಿ. ಎಷ್ಟೋ ಹಗುರ ಅನ್ನಿಸಿದರೆ ನಟ್ ಎತ್ತರ ಇದೆ ಎಂದೇ ಅರ್ಥ. ನೀವೇ ಅರ ಹಿಡಿದು ಉಜ್ಜಲು ಹೋಗಬೇಡಿ. ಒಂದು ಕೂದಲೆಳೆಯಷ್ಟು ಜಾಸ್ತಿ ಉಜ್ಜಿದರೂ ತಂತಿ ಫ್ರೆಟ್‌ಗೆ ತಾಗಿ ಜಿರ್ ಅನ್ನಲು ಶುರುವಾಗುತ್ತದೆ. ಗಿಟಾರ್ ರಿಪೇರಿ ಮಾಡುವವರ ಹತ್ತಿರ ಹೋಗಿ ಸೆಟಪ್ ಮಾಡಿಕೊಡಿ ಅಂತ ಕೇಳಿ, ಅವರಿಗೆ ಇದು ದಿನದ ಕೆಲಸ.

ಇನ್ನು ತಂತಿ. ಉಕ್ಕಿನ ತಂತಿಯ ಸೆಟ್‌ಗಳನ್ನು ಅತಿ ಸಣ್ಣ ತಂತಿಯ ದಪ್ಪ ನೋಡಿ ಕರೆಯುತ್ತಾರೆ. 12ರ ಸೆಟ್ ಅಂದರೆ ಆ ತಂತಿ 0.012 ಇಂಚು. ಆ ಸೆಟ್‌ನ ಆರೂ ತಂತಿಗಳು ಶ್ರುತಿಯಲ್ಲಿದ್ದಾಗ ಗಿಟಾರ್ ಮೇಲೆ ಒಟ್ಟು 70 ಕಿಲೋಗೂ ಜಾಸ್ತಿ ಎಳೆತ ಇರುತ್ತದೆ. ಒಬ್ಬ ದೊಡ್ಡ ಮನುಷ್ಯ ಜೋತುಬಿದ್ದ ಹಾಗೆ! ನಿಮ್ಮ ಗಿಟಾರ್‌ನಲ್ಲಿ ಅದೇ ಇದ್ದರೆ 10ರ ಸೆಟ್ ಹಾಕಿಸಿ. ನಾದ ಸ್ವಲ್ಪ ತೆಳುವಾಗುತ್ತದೆ, ಕೈಗೆ ಮಾತ್ರ ದೊಡ್ಡ ಬಿಡುಗಡೆ.

ಹೊಸ ತಂತಿಯೂ ಬೇಡ ಅಂದರೆ ಆರೂ ತಂತಿಯನ್ನು ಒಂದು ಫ್ರೆಟ್‌ನಷ್ಟು ಕೆಳಗಿನ ಶ್ರುತಿಗೆ ಇಳಿಸಿ. ಎಳೆತ ಶೇಕಡ 11ರಷ್ಟು ತಗ್ಗುತ್ತದೆ. ಎರಡು ಫ್ರೆಟ್‌ನಷ್ಟು ಇಳಿಸಿದರೆ ಶೇಕಡ 20ರಷ್ಟು. ವಿಡಿಯೋ ಜೊತೆ ಬಾರಿಸುವಾಗ ಒಂದನೇ ಅಥವಾ ಎರಡನೇ ಫ್ರೆಟ್‌ಗೆ ಕ್ಯಾಪೋ ಹಾಕಿಕೊಂಡರೆ ಶ್ರುತಿ ಮತ್ತೆ ಕೂಡುತ್ತದೆ. ಇದು ಕಳ್ಳದಾರಿ ಅಂತ ಯಾರಾದರೂ ಅಂದರೆ ಟೋನಿ ಅಯೋಮಿ ಹೆಸರು ಹೇಳಿ. ಬ್ಲ್ಯಾಕ್ ಸಾಬತ್ ಎಂಬ ರಾಕ್ ತಂಡದ ಗಿಟಾರ್ ವಾದಕ. ಎಡಚ. ಹದಿನೇಳನೇ ವಯಸ್ಸಿನಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವರು ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ಸಣ್ಣ ತಂತಿ ಹಾಕಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಹಾಗೆ ಹುಟ್ಟಿದ ಭಾರದ ನಾದವನ್ನು ಆಮೇಲೆ ಎಷ್ಟೋ ತಂಡಗಳು ಬೇಕೆಂದೇ ಅನುಸರಿಸಿದವು. ನುಡಿಸಿದ್ದು ಎಲೆಕ್ಟ್ರಿಕ್ ಗಿಟಾರ್ ನಿಜ, ತಂತಿಯ ಲೆಕ್ಕ ಮಾತ್ರ ಒಂದೇ.

ಗಿಟಾರ್ ಸರಿಯಾಯಿತು ಅಂದುಕೊಳ್ಳಿ. ಈಗ ಬೆರಳು. ತುದಿಯ ಚರ್ಮ ಗಟ್ಟಿಯಾಗಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಸಾಕು. ಮೂರು ತಿಂಗಳಾದರೂ ಉರಿಯುತ್ತಿದ್ದರೆ ನೀವು ಬೇಕಾದ್ದಕ್ಕಿಂತ ಜಾಸ್ತಿ ಒತ್ತುತ್ತಿದ್ದೀರಿ. ಹೀಗೆ ಮಾಡಿ: ಬೆರಳನ್ನು ಫ್ರೆಟ್‌ನ ಲೋಹದ ಪಟ್ಟಿಗೆ ಆದಷ್ಟು ಹತ್ತಿರ, ಅದರ ಹಿಂದೆ ಇಡಿ. ಒತ್ತಬೇಡಿ, ಸುಮ್ನೆ ಮುಟ್ಟಿ. ಇನ್ನೊಂದು ಕೈಯಿಂದ ತಂತಿ ಮೀಟುತ್ತಾ ಇರಿ. 'ಠಕ್ ಠಕ್' ಅನ್ನುತ್ತದೆ. ನಿಧಾನವಾಗಿ ಒತ್ತಡ ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ ಸದ್ದು ತಿಳಿಯಾಗಿ ಹೊಮ್ಮುತ್ತದೆ. ಅಲ್ಲಿಗೆ ನಿಲ್ಲಿಸಿ. ಬೇಕಾದ ಬಲ ಅಷ್ಟೇ! ಮೊದಲ ಸಲ ಇದನ್ನು ಮಾಡಿದಾಗ ನನಗೆ ನಗು ಬಂತು, ಅಷ್ಟು ದಿನ ಗಿಟಾರ್ ಜೊತೆ ಕುಸ್ತಿ ಆಡುತ್ತಿದ್ದೆ. ಕೈ ತೊಳೆದ ಕೂಡಲೇ ಕೂರಬೇಡಿ, ನೆನೆದ ಚರ್ಮಕ್ಕೆ ತಂತಿ ಕೊಯ್ಯುತ್ತದೆ. ತುದಿಯ ಉರಿಗೆ ಹೆದರಬೇಕಾಗಿಲ್ಲ. ಮಣಿಕಟ್ಟು ನೋಯುತ್ತಿದ್ದರೆ, ಬೆರಳು ಜೋಮು ಹಿಡಿಯುತ್ತಿದ್ದರೆ ಮಾತ್ರ ಗಿಟಾರ್ ಕೆಳಗಿಡಿ. ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಕಾರ್ಡ್ ಬದಲಿಸುವ ತೊಂದರೆ ಎಲ್ಲರದೂ. ಇಲ್ಲಿ ತಪ್ಪು ಕಾರ್ಡ್ ಹಿಡಿಯುವ ಎಡಗೈಯದು ಅಂತ ಹೊಸಬರು ಅಂದುಕೊಂಡಿರುತ್ತಾರೆ. ನಾನು ನೋಡಿದ ಮಟ್ಟಿಗೆ ತಪ್ಪು ಬಾರಿಸುವ ಬಲಗೈಯದು: ಎಡಗೈ ತಡವಾದಾಗ ಬಲಗೈ ಅದಕ್ಕಾಗಿ ಕಾಯುತ್ತದೆ. ಕಾಯಬಾರದು. ಎಡಗೈ ಇನ್ನೂ ದಾರಿಯಲ್ಲಿದ್ದರೆ ಖಾಲಿ ತಂತಿಗಳನ್ನೇ ಬಾರಿಸಿಕೊಂಡು ಹೋಗಿ. ಕೇಳಲು ಕೆಟ್ಟದಾಗಿರುತ್ತದೆ, ಇರಲಿ. ಕೇಳುವವರು ಒಂದು ತಪ್ಪು ಸ್ವರವನ್ನು ಕ್ಷಮಿಸುತ್ತಾರೆ, ಮುರಿದ ತಾಳವನ್ನು ಕ್ಷಮಿಸುವುದಿಲ್ಲ. ಬಸ್ಸು ಹೊರಟಿದೆ ಅಂತ ಗೊತ್ತಾದರೆ ಕಾಲು ತಾನೇ ಓಡುತ್ತದಲ್ಲ, ಎಡಗೈಯೂ ಹಾಗೆ. ಮೆಟ್ರೋನೋಮ್ (ತಾಳದ ಬಡಿತ ಕೊಡುವ ಸಾಧನ) ಅನ್ನು 60ಕ್ಕೆ ಇಟ್ಟುಕೊಳ್ಳಿ, ಅಂದರೆ ಸೆಕೆಂಡಿಗೆ ಒಂದು ಬಡಿತ. ನಾಲ್ಕು ಬಡಿತಕ್ಕೆ ಒಂದು ಕಾರ್ಡ್. ಕಷ್ಟ ಆದರೆ 50ಕ್ಕೆ ಇಳಿಸಿ.

ಯಾವ ಕಾರ್ಡ್‌ನಿಂದ ಯಾವುದಕ್ಕೆ ಹೋಗುತ್ತೀರಿ ಅನ್ನುವುದೂ ಮುಖ್ಯ. ಸಿ ಹಿಡಿದಿದ್ದಾಗ ಎ ಮೈನರ್‌ಗೆ ಹೋಗಲು ಉಂಗುರ ಬೆರಳೊಂದು ಜಾಗ ಬದಲಿಸಿದರೆ ಸಾಕು, ಉಳಿದೆರಡು ಅಲ್ಲೇ ಇರಲಿ. ಇ ಇಂದ ಎ ಮೈನರ್‌ಗೆ ಆಕಾರವೇ ಬದಲಾಗುವುದಿಲ್ಲ. ಮೂರು ಬೆರಳೂ ಒಟ್ಟಾಗಿ ಒಂದೊಂದು ತಂತಿ ಸರಿಯುತ್ತವೆ. ಇಂಥ ಜೋಡಿಗಳಿಂದ ಶುರುಮಾಡಿ. ಒಂದು ನಿಮಿಷಕ್ಕೆ ಎಷ್ಟು ಸಲ ಬದಲಾಯಿಸಿದಿರಿ ಅಂತ ಎಣಿಸಿ, ಬರೆದಿಡಿ. ಇವತ್ತು 14, ಮುಂದಿನ ವಾರ 22. ಹಾಡು ಇನ್ನೂ ಹಾಡಾಗದಿದ್ದರೂ ಆ ಚೀಟಿಯಲ್ಲಿ ನೀವು ಮುಂದೆ ಹೋಗುತ್ತಿರುವುದು ಕಾಣುತ್ತದೆ.

ಈಗ ಆ ಕಿವಿಯ ವಿಷಯ. ಅದು ನಿಮ್ಮ ಜೇಬಿನಲ್ಲೇ ಇದೆ. ಫೋನ್‌ನಲ್ಲಿ ನಿಮ್ಮನ್ನು ರೆಕಾರ್ಡ್ ಮಾಡಿಕೊಳ್ಳಿ. ಬಾರಿಸುವಾಗ ಮನಸ್ಸೆಲ್ಲ ಬೆರಳಲ್ಲಿ ಇರುತ್ತದೆ, ಕಿವಿ ಮುಚ್ಚಿರುತ್ತದೆ. ಹಾಡ್ತಾ ಹಾಡ್ತಾ ರಾಗ ಅಂತಾರೆ, ತಪ್ಪು ಹಾಡ್ತಾ ಹಾಡ್ತಾ ತಪ್ಪೇ ರಾಗ ಆಗುವುದೂ ಉಂಟು. ವಾರಕ್ಕೊಂದು ಸಲ, ಒಂದೇ ನಿಮಿಷ ರೆಕಾರ್ಡ್ ಮಾಡಿ. ಕೂಡಲೇ ಕೇಳಬೇಡಿ, ಮರುದಿನ ಕೇಳಿ. ಬೇರೆ ಯಾರೋ ಬಾರಿಸಿದ ಹಾಗೆ ಕೇಳಿಸುತ್ತದೆ, ತಪ್ಪುಗಳು ಒಂದೊಂದಾಗಿ ಕಾಣಿಸುತ್ತವೆ. ನನ್ನ ಸಿ ಕಾರ್ಡ್ ಗುಟ್ಟು ಬಯಲಾಗಿದ್ದು ಹೀಗೇ. ಹಳೆಯದನ್ನು ಅಳಿಸಬೇಡಿ. ಬಿಟ್ಟುಬಿಡಲಾ ಅನ್ನಿಸಿದ ದಿನ ಎರಡು ತಿಂಗಳ ಹಿಂದಿನದನ್ನು ಹಾಕಿ ಕೇಳಿ, ಆಮೇಲೆ ತೀರ್ಮಾನ ಮಾಡಿ.

ಕೇಳುವಾಗ ಒಂದು ಅನ್ಯಾಯ ಮಾತ್ರ ಮಾಡಿಕೊಳ್ಳಬೇಡಿ. ವಿಡಿಯೋದಲ್ಲಿರುವ ಗಿಟಾರ್ ಸದ್ದಿಗೆ ನಿಮ್ಮದನ್ನು ಹೋಲಿಸಬೇಡಿ. ಅಲ್ಲಿ ಒಳ್ಳೆ ಮೈಕ್ ಇದೆ, ಹೊಸ ತಂತಿ ಇದೆ, ಆಮೇಲೆ ಕೂತು ತಿದ್ದಿದ್ದೂ ಇದೆ. ತಪ್ಪಿದ ಹನ್ನೊಂದು ಟೇಕ್‌ಗಳನ್ನು ಯಾರೂ ತೋರಿಸುವುದಿಲ್ಲ. ನಿಮ್ಮ ಫೋನ್ ಸ್ಪೀಕರ್ ಕೂಡ ಮೋಸ ಮಾಡುತ್ತದೆ. ಗಿಟಾರ್‌ನ ದಪ್ಪ ತಂತಿಯ ಸ್ವರ ಸೆಕೆಂಡಿಗೆ ಸುಮಾರು 82 ಕಂಪನ. ಅಷ್ಟು ತಗ್ಗಿನ ಸದ್ದನ್ನು ಫೋನ್‌ನ ಪುಟ್ಟ ಸ್ಪೀಕರ್ ಸರಿಯಾಗಿ ಹೊರಡಿಸುವುದೇ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಹಾಗೆಯೇ ಕಲಿಸುವವರು ಕ್ಯಾಪೋ ಹಾಕಿದ್ದಾರಾ, ಶ್ರುತಿ ಇಳಿಸಿದ್ದಾರಾ ನೋಡಿಕೊಳ್ಳಿ. ಎಲ್ಲ ಸರಿಯಾಗಿ ಹಿಡಿದರೂ ಹೊಂದುತ್ತಿಲ್ಲ ಅಂತ ಒದ್ದಾಡುವವರಲ್ಲಿ ಅರ್ಧ ಜನರ ಕಥೆ ಇದೇ ಇರಬೇಕು. ವಿಡಿಯೋ ವೇಗವನ್ನು 0.75ಕ್ಕೆ ಇಳಿಸಲು ನಾಚಿಕೆ ಬೇಡ, ಯೂಟ್ಯೂಬ್‌ನಲ್ಲಿ ವೇಗ ಇಳಿದರೂ ಶ್ರುತಿ ಇಳಿಯುವುದಿಲ್ಲ.

ಸಾಧ್ಯವಾದರೆ ತಿಂಗಳಿಗೊಮ್ಮೆಯಾದರೂ ನಿಜವಾದ ಒಂದು ಜೋಡಿ ಕಿವಿಗೆ ಕೇಳಿಸಿ. ವಿಡಿಯೋ ಕಾಲ್ ಆದರೂ ಆಯಿತು. ಒಟ್ಟಿಗೆ ಬಾರಿಸಲು ಮಾತ್ರ ಹೋಗಬೇಡಿ, ಸದ್ದು ತಡವಾಗಿ ತಲುಪುವುದರಿಂದ ತಾಳ ಕೂಡುವುದಿಲ್ಲ. ನೀವು ಬಾರಿಸಿ, ಅವರು ಕೇಳಲಿ. ಗದ್ದಲ ತಗ್ಗಿಸುವ ಆಯ್ಕೆಯನ್ನು ಆಫ್ ಮಾಡಿಡಿ. ಇಲ್ಲದಿದ್ದರೆ ಆ್ಯಪ್ ನಿಮ್ಮ ಗಿಟಾರನ್ನೇ ಗದ್ದಲ ಅಂದುಕೊಂಡು ಅಡಗಿಸುತ್ತದೆ. ಮರ್ಯಾದೆಯ ಪ್ರಶ್ನೆ!

ಎಷ್ಟು ಹೊತ್ತು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ದಿನಾ ಹದಿನೈದು ನಿಮಿಷ, ಭಾನುವಾರದ ಎರಡು ಗಂಟೆಗಿಂತ ಮೇಲು. ಗಿಟಾರನ್ನು ಚೀಲದಿಂದ ಹೊರಗೆ, ಕಣ್ಣಿಗೆ ಬೀಳುವ ಕಡೆ ಇಡಿ. ಜಿಪ್ ಎಳೆಯುವ ಸೋಮಾರಿತನಕ್ಕೇ ನನ್ನ ಎಷ್ಟೋ ದಿನಗಳು ಹೋಗಿವೆ.

ಕೊನೆಗೆ ಆ ಎಫ್. ಮೂರು ತಿಂಗಳಿಗೆ ಎಫ್ ಬರದೇ ಇರುವುದು ಸುದ್ದಿಯೇ ಅಲ್ಲ. ಸದ್ಯಕ್ಕೆ ಎಫ್ ಮೇಜರ್ ಸೆವೆನ್ ಹಿಡಿಯಿರಿ. ಸಿ ಕಾರ್ಡ್‌ನಲ್ಲಿ ತೋರುಬೆರಳು ಅಲ್ಲೇ ಇರಲಿ, ಉಳಿದೆರಡು ಬೆರಳನ್ನು ಒಂದೊಂದು ತಂತಿ ಕೆಳಗೆ, ಸಣ್ಣ ತಂತಿಯ ಕಡೆಗೆ ಸರಿಸಿ, ಕೆಳಗಿನ ನಾಲ್ಕೇ ತಂತಿ ಬಾರಿಸಿ. ಬಹಳಷ್ಟು ಹಾಡಿಗೆ ಇದು ನಡೆಯುತ್ತದೆ. ತೋರುಬೆರಳನ್ನು ಆರೂ ತಂತಿಗೆ ಅಡ್ಡ ಹಾಕಿ ಹಿಡಿಯುವ ಪೂರ್ತಿ ಎಫ್ ಬೇಕೇ ಬೇಕು ಅಂದರೆ ಒಂದನೇ ಫ್ರೆಟ್‌ನಲ್ಲಿ ಒದ್ದಾಡುವುದು ಬಿಡಿ, ಅಲ್ಲಿ ನಟ್ ಹತ್ತಿರ ಇರುವುದರಿಂದ ತಂತಿ ಒತ್ತಲು ಅತಿ ಬಿಗಿ. ಅದೇ ಆಕಾರವನ್ನು ಐದನೇ ಫ್ರೆಟ್‌ನಲ್ಲಿ ಹಿಡಿಯಿರಿ. ತೋರುಬೆರಳನ್ನು ಸ್ವಲ್ಪ ಮಗ್ಗುಲಿಗೆ ಹೊರಳಿಸಿ, ಮೂಳೆಯ ಕಡೆ ತಂತಿಗೆ ತಾಗಲಿ. ಅದು ನಿಜವಾಗಿ ಒತ್ತಬೇಕಾದ್ದು (ಅತಿ ಸಣ್ಣ ತಂತಿಯಿಂದ ಎಣಿಸಿದರೆ) ಒಂದು, ಎರಡು ಮತ್ತು ಆರನೇ ತಂತಿಯನ್ನು ಮಾತ್ರ, ಉಳಿದ ಮೂರನ್ನು ಬೇರೆ ಬೆರಳುಗಳು ನೋಡಿಕೊಳ್ಳುತ್ತವೆ. ಐದನೇ ಫ್ರೆಟ್‌ನಲ್ಲಿ ಅದು ಎ. ಅಲ್ಲಿ ತಿಳಿಯಾಗಿ ಕೇಳಿಸಿತೋ, ನಾಲ್ಕಕ್ಕೆ ಬನ್ನಿ. ಕೆಲವು ದಿನ ಬಿಟ್ಟು ಮೂರಕ್ಕೆ, ಅಲ್ಲಿ ಅದು ಜಿ. ಆಮೇಲೆ ಎರಡಕ್ಕೆ. ಒಂದಕ್ಕೆ ಬಂದ ದಿನ ರೆಕಾರ್ಡ್ ಬಟನ್ ಒತ್ತಿರಿ.