ನೀನು ನೋಡಿದ್ದು ಬೇರೆ ಸಿನಿಮಾ

‘ಅಕ್ಕ, ನೀನು ಬೇರೆ ಯಾವುದೋ ಸಿನಿಮಾ ನೋಡಿರಬೇಕು.’

2017ರಲ್ಲಿ ‘ಜಸ್ಟಿಸ್ ಲೀಗ್’ ಎಂಬ ಸೂಪರ್‌ಹೀರೋ ಸಿನಿಮಾ ನೋಡಿ ಬಂದ ರಾತ್ರಿ ನನ್ನ ತಮ್ಮ ಹೇಳಿದ ಮಾತಿದು. ಇಬ್ಬರೂ ಅಕ್ಕಪಕ್ಕದ ಸೀಟಿನಲ್ಲೇ ಕೂತಿದ್ದೆವು. ನನಗೆ ಅದು ಹಗುರಾಗಿ, ಖುಷಿಯಾಗಿ ಕಂಡಿತ್ತು. ಅವನಿಗೆ ಮೈಯೆಲ್ಲ ಉರಿದುಹೋಗಿತ್ತು. ‘ಇಡೀ ಭೂಮಿಗೇ ಆಪತ್ತು ಬಂದಿದೆ. ಇವರು ನೋಡಿದ್ರೆ ತಮಾಷೆ ಮಾಡ್ಕೊಂಡು ಓಡಾಡ್ತಿದ್ದಾರೆ’ ಅನ್ನುವುದು ಅವನ ಸಂಕಟ. ಮಾತಿಗೆ ಮಾತು ಬೆಳೆಯಿತು. ಎರಡು ದಿನ ನಾವು ಮುಖ ಕೊಟ್ಟು ಮಾತಾಡಲಿಲ್ಲ.

ಸಿಟ್ಟಿನಲ್ಲಿ ಆಡಿದ ಆ ಮಾತು ಅಕ್ಷರಶಃ ನಿಜ ಇರಬಹುದು ಅಂತ ನನಗೆ ಹೊಳೆದದ್ದು ಎಷ್ಟೋ ದಿನಗಳ ನಂತರ. ಒಂದು ಹಳೆಯ ಫುಟ್‌ಬಾಲ್ ಪಂದ್ಯದ ಬಗ್ಗೆ ಓದುತ್ತಿದ್ದೆ.

1951ರ ನವೆಂಬರ್‌ನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜು ತಂಡಗಳು ಆಡಿದ ಪಂದ್ಯ ಅದು. ಆಟ ತುಂಬಾ ಒರಟಾಗಿತ್ತು. ಪ್ರಿನ್ಸ್‌ಟನ್‌ನ ತಾರಾ ಆಟಗಾರನ ಮೂಗು ಮುರಿಯಿತು. ಡಾರ್ಟ್‌ಮತ್‌ನ ಒಬ್ಬನ ಕಾಲು ಮುರಿಯಿತು. ತಪ್ಪು ಯಾರದು ಅಂತ ಎರಡೂ ಕಡೆ ಜಗಳವೋ ಜಗಳ. ಆಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಇಬ್ಬರು ಮನೋವಿಜ್ಞಾನಿಗಳು ಪಂದ್ಯದ ಫಿಲಂ ತರಿಸಿ ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿದರು. ಕಂಡ ಫೌಲ್‌ಗಳನ್ನೆಲ್ಲ ಗುರುತು ಹಾಕಿಕೊಳ್ಳಿ ಎಂದರು. ಫಿಲಂ ಒಂದೇ. ಆದರೂ ಡಾರ್ಟ್‌ಮತ್ ಆಟಗಾರರ ಫೌಲ್‌ಗಳು ಅಲ್ಲಿನ ವಿದ್ಯಾರ್ಥಿಗಳ ಕಣ್ಣಿಗೆ ಬಿದ್ದದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಪ್ರಿನ್ಸ್‌ಟನ್ ವಿದ್ಯಾರ್ಥಿಗಳ ಕಣ್ಣಿಗೆ ಬಿದ್ದವು. 1954ರಲ್ಲಿ ಪ್ರಕಟವಾದ ಅವರ ಲೇಖನದ ತೀರ್ಮಾನ ದಿಟ್ಟವಾಗಿದೆ: ಹೊರಗೆ ಎಲ್ಲರಿಗೂ ಸಮನಾಗಿ ಕಾಣುವ ‘ಆಟ’ ಅಂತ ಒಂದಿಲ್ಲ. ನೋಡುವವನು ತನ್ನೊಳಗಿನದನ್ನು ಸೇರಿಸಿಯೇ ಅದನ್ನು ನೋಡುತ್ತಾನೆ.

ಅವರು ಸುಮ್ನೆ ತಮ್ಮ ತಂಡದ ಪರ ಮಾತಾಡಿದ್ದಿರಬಹುದಲ್ವಾ, ನಿಜವಾಗಿ ಕಂಡದ್ದೇ ಬೇರೆ ಅಂತ ಹೇಗೆ ಹೇಳುವುದು? ನನಗೂ ಈ ಅನುಮಾನ ಬಂದಿತ್ತು. ಆಗಿನ ಕಾಲದಲ್ಲಿ ತಲೆಯೊಳಗೆ ಇಣುಕಿ ನೋಡುವ ಉಪಾಯ ಇರಲಿಲ್ಲ. ಈಗ ಇದೆ. 2017ರಲ್ಲಿ ಅದೇ ಪ್ರಿನ್ಸ್‌ಟನ್‌ನಲ್ಲಿ ಯಾರಾ ಯೆಶುರುನ್, ಯೂರಿ ಹ್ಯಾಸನ್ ಮತ್ತು ಅವರ ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ರಾತ್ರಿ ಹೊತ್ತು ಗಂಡನೊಬ್ಬ ತನ್ನ ಗೆಳೆಯನಿಗೆ ಫೋನ್ ಮಾಡಿ, ಹೆಂಡತಿ ಎಲ್ಲಿದ್ದಾಳೋ ಅಂತ ಕೇಳುವ ಒಂದು ಕಥೆ. ಕೇಳುವ ಮೊದಲೇ ಒಂದು ಗುಂಪಿಗೆ ‘ಹೆಂಡತಿ ಮೋಸ ಮಾಡುತ್ತಿದ್ದಾಳೆ’ ಎಂಬ ಸುಳಿವು ಕೊಟ್ಟರು. ಇನ್ನೊಂದು ಗುಂಪಿಗೆ ‘ಗಂಡ ಸುಮ್ಮನೆ ಅನುಮಾನ ಪಡುವವನು’ ಎಂದರು. ಆಮೇಲೆ ಎಲ್ಲರಿಗೂ ಅದೇ ಕಥೆ ಕೇಳಿಸಿ, ಎಫ್‌ಎಂಆರ್‌ಐ ಯಂತ್ರದಲ್ಲಿ ಮೆದುಳಿನ ಚಟುವಟಿಕೆ ಅಳೆದರು. ಒಂದೇ ಗುಂಪಿನವರ ಮೆದುಳುಗಳು ಒಂದಕ್ಕೊಂದು ಹೋಲುತ್ತಿದ್ದವು. ಬೇರೆ ಗುಂಪಿನವರ ಜೊತೆ ಅಷ್ಟು ಹೋಲಿಕೆ ಇರಲಿಲ್ಲ. ಕಥೆಯಲ್ಲಿ ಒಂದು ಪದವೂ ಬದಲಾಗಿರಲಿಲ್ಲ. ಮೊದಲು ಕಿವಿಗೆ ಬಿದ್ದ ಸಣ್ಣ ಸುಳಿವೊಂದು ಕಥೆ ಕೇಳುವ ರೀತಿಯನ್ನೇ ಬದಲಿಸಿತ್ತು.

ಹಾಗಾದರೆ ಸೂಪರ್‌ಹೀರೋ ಸಿನಿಮಾ ನೋಡಲು ಹೋಗುವ ಫ್ಯಾನ್ ತಲೆಯಲ್ಲಿ ಮೊದಲೇ ಕೂತಿರುವ ಸುಳಿವು ಯಾವುದು? ಅವನು ಆ ಹೀರೋವನ್ನು ಮೊದಲು ಭೇಟಿಯಾದ ವಯಸ್ಸು, ಮತ್ತು ಆಗ ಸಿಕ್ಕ ರೂಪ.

ಬ್ಯಾಟ್‌ಮ್ಯಾನ್ ಕಥೆಯನ್ನೇ ನೋಡಿ. 1939ರಲ್ಲಿ ಡಿಟೆಕ್ಟಿವ್ ಕಾಮಿಕ್ಸ್‌ನ 27ನೇ ಸಂಚಿಕೆಯಲ್ಲಿ ಅವನು ಮೊದಲು ಕಾಣಿಸಿಕೊಂಡಾಗ ಕತ್ತಲೆಯ ಮನುಷ್ಯ. ಆರಂಭದ ಕಥೆಗಳಲ್ಲಿ ಬಂದೂಕನ್ನೂ ಹಿಡಿದಿದ್ದ, ಖಳರು ಅವನ ಕೈಯಲ್ಲಿ ಸತ್ತದ್ದೂ ಉಂಟು. ಆಮೇಲೆ ಕಾಮಿಕ್ಸ್ ಮಕ್ಕಳನ್ನು ಹಾಳು ಮಾಡುತ್ತಿದೆ ಎಂಬ ಕೂಗು ಅಮೆರಿಕದಲ್ಲಿ ಎದ್ದಿತು. 1954ರಲ್ಲಿ ಪ್ರಕಾಶಕರೇ ಸೇರಿ ಕಾಮಿಕ್ಸ್ ಕೋಡ್ ಎಂಬ ಕಟ್ಟುನಿಟ್ಟು ತಂದುಕೊಂಡರು. ಕಥೆಗಳು ಹಗುರಾದವು. 1966ರ ಟಿವಿ ಧಾರಾವಾಹಿಯಲ್ಲಂತೂ ಬ್ಯಾಟ್‌ಮ್ಯಾನ್ ಗಾಢ ಬಣ್ಣಗಳ ನಗೆನಾಟಕವೇ ಆಗಿಬಿಟ್ಟ. ಗುದ್ದು ಬಿದ್ದಾಗ ಪರದೆಯ ಮೇಲೆ ‘ಪೌ’ ಅಂತ ದೊಡ್ಡ ಅಕ್ಷರ ಮೂಡುತ್ತಿತ್ತು.

1988ರಲ್ಲಿ ಹೊಸ ಬ್ಯಾಟ್‌ಮ್ಯಾನ್ ಸಿನಿಮಾಕ್ಕೆ ಮೈಕೆಲ್ ಕೀಟನ್ ನಾಯಕ ಎಂಬ ಸುದ್ದಿ ಬಂತು. ಆಗ ಆತ ಕಾಮಿಡಿ ನಟನೆಂದೇ ಹೆಸರಾಗಿದ್ದ. ಮತ್ತೆ ಆ ನಗೆನಾಟಕ ಬರುತ್ತದೆ ಅಂತ ಫ್ಯಾನ್‌ಗಳು ಹೆದರಿದರು. ವಾರ್ನರ್ ಬ್ರದರ್ಸ್ ಕಚೇರಿಗೆ ಸುಮಾರು 50,000 ವಿರೋಧದ ಪತ್ರಗಳು ಹೋದವು ಎನ್ನಲಾಗುತ್ತದೆ. ಒಂದು ಕಲ್ಪಿತ ಪಾತ್ರದ ಮರ್ಯಾದೆಗಾಗಿ ಅಷ್ಟು ಜನ ಕೂತು ಬರೆದು, ಅಂಚೆ ಚೀಟಿ ಅಂಟಿಸಿದರು ಅಂದರೆ ಅದು ಸಣ್ಣ ಪ್ರೀತಿಯಲ್ಲ. 1989ರಲ್ಲಿ ಸಿನಿಮಾ ಬಂತು. ಕತ್ತಲೆ ತುಂಬಿದ್ದ ಆ ಸಿನಿಮಾ ಭಾರಿ ಗೆದ್ದಿತು. 1997ರ ‘ಬ್ಯಾಟ್‌ಮ್ಯಾನ್ ಆ್ಯಂಡ್ ರಾಬಿನ್’ ಮತ್ತೆ ಬಣ್ಣ, ಜೋಕು ತಂದಿತು, ಬೈಗುಳ ತಿಂದಿತು. 2005 ಮತ್ತು 2008ರ ಸಿನಿಮಾಗಳು ಗಂಭೀರವಾಗಿ ಬಂದು ಮನ ಗೆದ್ದವು. 2016ರಲ್ಲಿ ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ ಬಂದಾಗ ದೂರು ತಿರುಗಿತ್ತು: ಇದು ತುಂಬಾ ಡಾರ್ಕ್, ಒಂದು ನಗುವಾದರೂ ಬೇಡವೇ?

‘ಇದು ನಿಜವಾದ ಬ್ಯಾಟ್‌ಮ್ಯಾನ್ ಅಲ್ಲ’ ಎನ್ನುವ ಮಾತು ಕೇಳಿದಾಗಲೆಲ್ಲ ನನಗೆ ಈ ಸರಣಿ ನೆನಪಾಗುತ್ತದೆ. ನಿಜವಾದವನು ಯಾರು? 1939ರವನೋ, 1966ರವನೋ? 1966ರವನನ್ನು ನೋಡುತ್ತ ಬೆಳೆದ ಮಗುವಿಗೆ ಅವನೇ ಮೂಲ. ಮನೋವಿಜ್ಞಾನಿ ರಾಬರ್ಟ್ ಝಾಯೊಂಟ್ಸ್ 1968ರಲ್ಲಿ ತೋರಿಸಿದ ಒಂದು ಸರಳ ಸಂಗತಿ ಇಲ್ಲಿ ಕೆಲಸ ಮಾಡುತ್ತದೆ. ಯಾವುದನ್ನು ಮತ್ತೆ ಮತ್ತೆ ನೋಡುತ್ತೇವೋ, ಬೇರೆ ಯಾವ ಕಾರಣವೂ ಇಲ್ಲದೆ, ಅದು ನಮಗೆ ಹೆಚ್ಚು ಇಷ್ಟವಾಗುತ್ತದೆ. ಅರ್ಥವೇ ಗೊತ್ತಿಲ್ಲದ ಪದಗಳ ವಿಷಯದಲ್ಲೂ ಹೀಗೇ ಆಗುವುದನ್ನು ಅವರು ಕಂಡರು. ಬಾಲ್ಯವಿಡೀ ಜೊತೆಗಿದ್ದ ಹೀರೋ ವಿಷಯದಲ್ಲಿ ಕೇಳಬೇಕೆ?

ಇಷ್ಟು ನೋಡುವವರ ಮಾತಾಯಿತು. ಸಿನಿಮಾದ ಕಡೆಯಿಂದಲೂ ಟೋನ್, ಅಂದರೆ ಅದರ ಒಟ್ಟು ಭಾವದ ಧಾಟಿ, ಎಂಬುದು ಬರೀ ಗಾಳಿಮಾತಲ್ಲ. ಅದನ್ನು ಕಟ್ಟುವ ಸಾಮಾನುಗಳಿವೆ: ಬೆಳಕು, ಬಣ್ಣ, ಎಡಿಟಿಂಗ್ ವೇಗ, ಎಲ್ಲಕ್ಕಿಂತ ಜಾಸ್ತಿ ಸಂಗೀತ. 1988ರಲ್ಲಿ ಮಾರ್ಷಲ್ ಮತ್ತು ಕೋಹೆನ್ ಎಂಬ ಸಂಶೋಧಕರು ಎರಡು ತ್ರಿಕೋನ, ಒಂದು ಪುಟ್ಟ ವೃತ್ತ ಓಡಾಡುವ ಹಳೆಯ ಅನಿಮೇಷನ್ ಚಿತ್ರವೊಂದಕ್ಕೆ ಬೇರೆ ಬೇರೆ ಸಂಗೀತ ಕೂಡಿಸಿ ತೋರಿಸಿದರು. ಸಂಗೀತ ಬದಲಾದಾಗ ಆ ಆಕಾರಗಳ ಬಗ್ಗೆ ಜನರ ಅಭಿಪ್ರಾಯವೂ ಬದಲಾಯಿತು. ಮುಖವೇ ಇಲ್ಲದ ತ್ರಿಕೋನಕ್ಕೆ ಸಂಗೀತ ಸ್ವಭಾವ ಕೊಡಬಲ್ಲದಾದರೆ, ಮುಖವಾಡ ಹಾಕಿದ ಮನುಷ್ಯನಿಗೆ ಕೊಡುವುದು ಯಾವ ಕಷ್ಟ?

ಇನ್ನು ಜೋಕು. ಸೂಪರ್‌ಹೀರೋ ಜಗಳಗಳಲ್ಲಿ ಅರ್ಧಕ್ಕರ್ಧ ಇದರ ಸುತ್ತಲೇ ಇವೆ ಅಂತ ನನ್ನ ಅನಿಸಿಕೆ. ಒಬ್ಬರಿಗೆ ಹೊಡೆದಾಟದ ನಡುವಿನ ಜೋಕು ಪ್ರಾಣ. ಇನ್ನೊಬ್ಬರಿಗೆ ಅದು ದೃಶ್ಯವನ್ನೇ ಕೊಂದುಬಿಡುತ್ತದೆ. ಇಬ್ಬರ ಪರವಾಗಿಯೂ ವಿಜ್ಞಾನ ಮಾತಾಡುತ್ತದೆ, ಅದೇ ನನಗೆ ಸೋಜಿಗ.

ಜೋಕು ಇಷ್ಟಪಡುವವರ ಕಡೆ ಇರುವವರು ಸಂಶೋಧಕ ಡಾಲ್ಫ್ ಝಿಲ್ಮನ್. ಒಂದು ದೃಶ್ಯದಲ್ಲಿ ಎದೆಬಡಿತ ಏರಿದರೆ ಅದು ತಕ್ಷಣ ಇಳಿಯುವುದಿಲ್ಲ. ಆ ಉಳಿದ ಬಿಸಿ ಮುಂದಿನ ಭಾವಕ್ಕೂ ಸೇರಿಕೊಳ್ಳುತ್ತದೆ. 1974ರಲ್ಲಿ ಅವರೂ ಸಂಗಡಿಗರೂ ತಮಾಷೆಯ ವಿಷಯದಲ್ಲೂ ಇದನ್ನೇ ತೋರಿಸಿದರು: ಮನಸ್ಸು ಮೊದಲೇ ಕೆರಳಿದ್ದರೆ ಜೋಕು ಇನ್ನಷ್ಟು ನಗಿಸುತ್ತದೆ. ಕಟ್ಟಡ ಕುಸಿದ ಮರುಕ್ಷಣ ಬಂದ ಸಾಧಾರಣ ಡೈಲಾಗ್‌ಗೂ ಥಿಯೇಟರ್ ಹೋ ಅನ್ನುವುದು ಇದಕ್ಕೇ.

ನನ್ನ ತಮ್ಮನ ಕಡೆ ಇರುವವರು ಪೀಟರ್ ಮೆಕ್‌ಗ್ರಾ ಮತ್ತು ಕೇಲೆಬ್ ವಾರೆನ್. 2010ರಲ್ಲಿ ಅವರು ಮುಂದಿಟ್ಟ ವಿವರಣೆ ಹೀಗಿದೆ: ಏನೋ ತಪ್ಪು ನಡೆಯುತ್ತಿದೆ ಅಂತ ಅನಿಸಬೇಕು, ಅದೇ ಹೊತ್ತಿಗೆ ‘ಇದರಿಂದ ಏನೂ ತೊಂದರೆ ಇಲ್ಲ’ ಅಂತಲೂ ಅನಿಸಬೇಕು. ಆಗ ನಗು ಬರುತ್ತದೆ. ಇದನ್ನು ಓದಿದಾಗ ತಮ್ಮನ ಸಿಟ್ಟು ನನಗೆ ಮೊದಲ ಸಲ ಅರ್ಥವಾಯಿತು. ಜೋಕು ಅಂದರೆ ‘ಗಾಬರಿಯಾಗಬೇಡಿ, ಎಲ್ಲ ಸರಿ ಇದೆ’ ಎಂಬ ಸಂದೇಶ. ಅವನು ಮಾತ್ರ ನಿಜವಾಗಿ ಗಾಬರಿಯಾಗಲು ಬಂದಿದ್ದ. ಭೂಮಿ ಉಳಿಯುತ್ತದೋ ಇಲ್ಲವೋ ಎಂಬ ಭಯವನ್ನು ಅವನು ಕಷ್ಟಪಟ್ಟು ಕಟ್ಟಿಕೊಳ್ಳುತ್ತಿದ್ದ. ಪ್ರತಿ ಜೋಕೂ ಬಂದು ಅದನ್ನು ಕಿತ್ತುಹಾಕುತ್ತಿತ್ತು. ನಮ್ಮ ಹಳೆಯ ಕಾವ್ಯ ಓದಿದವರು ಇದನ್ನು ರಸಭಂಗ ಅಂತ ಕರೆಯುತ್ತಾರೆ. ಒಂಬತ್ತನೇ ಶತಮಾನದ ಆನಂದವರ್ಧನ ಇದರ ಬಗ್ಗೆ ವಿವರವಾಗಿ ಯೋಚಿಸಿದ್ದಾನೆ. ಒಂದಕ್ಕೊಂದು ಆಗಿಬರದ ಎರಡು ರಸಗಳನ್ನು ನೇರ ಜೋಡಿಸಬೇಡ, ನಡುವೆ ಎರಡಕ್ಕೂ ಹೊಂದುವ ಇನ್ನೊಂದನ್ನು ತಾ ಎನ್ನುವುದು ಅವನು ಹೇಳುವ ಉಪಾಯಗಳಲ್ಲಿ ಒಂದು. ಇವತ್ತಿನ ಎಡಿಟಿಂಗ್ ಟೇಬಲ್ ಮೇಲೂ ಇದು ಸಲ್ಲುತ್ತದೆ ಅಂತ ನಾನು ನಂಬುತ್ತೇನೆ. ತಪ್ಪು ಜೋಕಿನದಲ್ಲ, ಅದು ಬಂದ ಗಳಿಗೆಯದು. ಸಾವಿನ ನಂತರ ನಾಲ್ಕು ಉಸಿರಿನಷ್ಟು ಮೌನ ಕೊಟ್ಟರೆ ಅದೇ ಜೋಕು ಆಸರೆಯಾಗಬಹುದು.

ಹಾಗಾದರೆ ಡಾರ್ಕ್ ಒಳ್ಳೆಯದೋ, ಲೈಟ್ ಒಳ್ಳೆಯದೋ? ಈ ಪ್ರಶ್ನೆಯೇ ಸರಿ ಇಲ್ಲ ಅನಿಸುತ್ತದೆ. 2017ರ ಒಂದೇ ವರ್ಷದಲ್ಲಿ ‘ಲೋಗನ್’ ಬಂತು, ‘ಥಾರ್: ರಾಗ್ನರಾಕ್’ ಕೂಡ ಬಂತು. ಮೊದಲನೆಯದು ಮುಪ್ಪು, ರಕ್ತ, ಸಾವಿನ ಕಥೆ. ಚಿತ್ರಕಥೆಗಾಗಿ ಆಸ್ಕರ್ ನಾಮನಿರ್ದೇಶನ ಪಡೆಯಿತು. ಎರಡನೆಯದರಲ್ಲಿ ಒಂದು ಲೋಕವೇ ನಾಶವಾಗುತ್ತದೆ, ಆದರೂ ಉದ್ದಕ್ಕೂ ನಗು. ಇದಕ್ಕೂ ವಿಮರ್ಶಕರು ಮೆಚ್ಚುಗೆ ಸುರಿಸಿದರು. ಎರಡೂ ಮೊದಲ ಕೆಲವು ನಿಮಿಷಗಳಲ್ಲೇ ತಾವು ಏನು ಅಂತ ಹೇಳಿಬಿಡುತ್ತವೆ, ಕೊನೆಯವರೆಗೂ ಆ ಮಾತಿಗೆ ಬದ್ಧವಾಗಿರುತ್ತವೆ.

ಜಸ್ಟಿಸ್ ಲೀಗ್‌ಗೆ ಆ ಭಾಗ್ಯ ಇರಲಿಲ್ಲ. ನಿರ್ದೇಶಕ ಝ್ಯಾಕ್ ಸ್ನೈಡರ್ ಕುಟುಂಬದಲ್ಲಿ ಘಟಿಸಿದ ಸಾವಿನ ಕಾರಣ ನಡುವೆಯೇ ಹೊರನಡೆದರು. ಜಾಸ್ ವೀಡನ್ ಬಂದು ರೀಶೂಟ್ ಮಾಡಿದರು, ಜೋಕು ಸೇರಿಸಿದರು. ಎರಡು ಮನಸ್ಸಿನ ಸಿನಿಮಾ ಅದು. ಜೊತೆಗೆ ಟೋನ್‌ಗೆ ಸಂಬಂಧವೇ ಇಲ್ಲದ ಒಂದು ದೋಷವೂ ಇತ್ತು. ಸೂಪರ್‌ಮ್ಯಾನ್ ಪಾತ್ರದ ಹೆನ್ರಿ ಕ್ಯಾವಿಲ್ ಆಗ ಇನ್ನೊಂದು ಸಿನಿಮಾಕ್ಕಾಗಿ ಮೀಸೆ ಬಿಟ್ಟಿದ್ದರು, ಬೋಳಿಸುವಂತಿರಲಿಲ್ಲ. ಕಂಪ್ಯೂಟರ್‌ನಲ್ಲಿ ಮೀಸೆ ಅಳಿಸಿದರು. ಮೇಲ್ತುಟಿ ವಿಚಿತ್ರವಾಗಿ ಕಂಡಿತು. ಆ ರಾತ್ರಿ ನಾವಿಬ್ಬರೂ ಒಪ್ಪಿದ ಒಂದೇ ವಿಷಯ ಆ ತುಟಿ. ಈಗ ಯೋಚಿಸಿದರೆ ಅದು ಸಹಜವೇ. ಕೆಲಸದ ದೋಷ ಎಲ್ಲರಿಗೂ ಕಾಣುತ್ತದೆ. ಟೋನ್ ವಿಷಯ ಹಾಗಲ್ಲ, ಆದರೂ ನಾವು ಎರಡಕ್ಕೂ ‘ಕೆಟ್ಟ ಸಿನಿಮಾ’ ಎಂಬ ಒಂದೇ ಮಾತು ಬಳಸುತ್ತೇವೆ.

ಅಂಕಿಗಳೂ ಈ ಗೊಂದಲ ಹೆಚ್ಚಿಸುತ್ತವೆ. ರಾಟನ್ ಟೊಮ್ಯಾಟೋಸ್‌ನ ಶೇಕಡಾವಾರು ಸಂಖ್ಯೆ ಸಿನಿಮಾಕ್ಕೆ ಬಂದ ಸರಾಸರಿ ಅಂಕ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ಎಷ್ಟು ಪಾಲು ವಿಮರ್ಶಕರು ‘ಪರವಾಗಿಲ್ಲ’ ಎಂಬ ಗೆರೆ ದಾಟಿಸಿದರು ಎಂಬ ಲೆಕ್ಕ. ಎಲ್ಲರಿಗೂ ಸುಮಾರಾಗಿ ಹಿಡಿಸಿದ ಸಿನಿಮಾಕ್ಕೆ 100 ಬರಬಹುದು. ಅರ್ಧ ಜನ ಹುಚ್ಚಾಗಿ ಪ್ರೀತಿಸಿ, ಅರ್ಧ ಜನ ದ್ವೇಷಿಸಿದ್ದಕ್ಕೆ 50. ವಿಚಿತ್ರ ಟೋನ್ ಇರುವ ದಿಟ್ಟ ಸಿನಿಮಾಕ್ಕೆ ಈ ಲೆಕ್ಕದಲ್ಲಿ ನಷ್ಟವೇ ಜಾಸ್ತಿ.

ಜಗಳ ಕಾವೇರುವ ಬಗೆಯೂ ಗೊತ್ತಿರುವುದೇ. 2017ರಲ್ಲಿ ವಿಲಿಯಂ ಬ್ರೇಡಿ ಮತ್ತು ಸಂಗಡಿಗರು ಟ್ವಿಟರ್‌ನ ಲಕ್ಷಾಂತರ ಪೋಸ್ಟ್‌ಗಳನ್ನು ಪರೀಕ್ಷಿಸಿದರು. ಭಾವನೆ ಮತ್ತು ನೀತಿ ಎರಡೂ ಬೆರೆತ ಪದ ಒಂದೊಂದು ಸೇರಿದಂತೆಯೂ ಪೋಸ್ಟ್ ಹರಡುವುದು ಸುಮಾರು ಶೇ. 20ರಷ್ಟು ಏರಿತ್ತು. ಆ ಪೋಸ್ಟ್‌ಗಳು ರಾಜಕೀಯದವು, ಸಿನಿಮಾದವಲ್ಲ. ಆದರೆ ಫ್ಯಾನ್‌ಗಳ ಪದಗಳನ್ನು ಗಮನಿಸಿ: ದ್ರೋಹ, ಅವಮಾನ, ಕೊಲೆ. ಅದೇ ಫ್ಯಾನ್‌ಗಳು ಸ್ನೈಡರ್ ಅವರ ಆವೃತ್ತಿ ಬೇಕು ಅಂತ ವರ್ಷಗಟ್ಟಲೆ ಒತ್ತಾಯಿಸುತ್ತ, ಆತ್ಮಹತ್ಯೆ ತಡೆಯುವ ಸಂಸ್ಥೆಗೆ 5 ಲಕ್ಷ ಡಾಲರ್‌ಗೂ ಹೆಚ್ಚು ಹಣ ಕೂಡಿಸಿಕೊಟ್ಟರು. ಇದನ್ನೂ ಜೊತೆಗೇ ನೆನೆಯಬೇಕು.

2021ರ ಮಾರ್ಚ್‌ನಲ್ಲಿ ಆ ಆವೃತ್ತಿ ಬಂತು. ಕಥೆಯ ಎಲುಬು ಅದೇ, ನಟರು ಅವರೇ. ಸಂಗೀತ ಬೇರೆ, ಬಣ್ಣ ಬೇರೆ, ಉದ್ದ 4 ಗಂಟೆ 2 ನಿಮಿಷ. ಮತ್ತೆ ಇಬ್ಬರೂ ಅಕ್ಕಪಕ್ಕ ಕೂತೆವು. ಈ ಸಲ ಬೇಜಾರಾದದ್ದು ನನಗೆ.

‘ಯಾವ ಜಾಗದಲ್ಲಿ?’ ಅಂತ ತಮ್ಮ ಕೇಳಿದ. ‘ಸುಮ್ನೆ ಒಟ್ಟಾರೆ ಅನ್ಬೇಡ ಅಕ್ಕ, ಜಾಗ ಹೇಳು.’

ಹೇಳಿದೆ. ಅಕ್ವಾಮ್ಯಾನ್ ಸಮುದ್ರಕ್ಕೆ ಇಳಿದು ಹೋದ ಮೇಲೆ ದಡದಲ್ಲಿ ನಿಂತ ಊರಿನ ಹೆಂಗಸರು ಹಾಡುತ್ತಾರೆ. ಹೀರೋ ಹೋಗಿಯಾಯಿತು. ಇನ್ನೂ ಯಾಕೆ ಹಾಡು?

‘ಅವನು ಹೀರೋ ಅಂತ ನೋಡ್ತಿದ್ದೀಯ’ ಎಂದ ಅವನು. ‘ಅವರಿಗೆ ಅವನು ದೇವರ ಥರ. ಚಳಿಗಾಲದಲ್ಲಿ ಮೀನು ತಂದುಕೊಡೋನು. ಮತ್ತೆ ಬರ್ತಾನೋ ಇಲ್ವೋ ಗೊತ್ತಿಲ್ಲ.’

ರಿಮೋಟ್ ಎತ್ತಿಕೊಂಡು ಹಿಂದಕ್ಕೆ ತಿರುಗಿಸಿದ. ಹಾಡು ಮತ್ತೆ ಶುರುವಾಯಿತು. ಈ ಸಲ ನಾನು ನೀರಿನ ಕಡೆ ನೋಡಲಿಲ್ಲ. ಆ ಹೆಂಗಸರ ಮುಖ ನೋಡುತ್ತ ಕೂತೆ.