ಪಾಪಕ್ಕೆ ಜಾಮೀನು ನಡೆಯುತ್ತಾ?

ಮಂಡ್ಯ ಕಡೆಯ ಹಳ್ಳಿಗಳಲ್ಲಿ ಜಾಮೀನು ಅಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸೊಸೈಟಿ ಸಾಲಕ್ಕೆ ನೆಂಟರೊಬ್ಬರು ಸಹಿ ಹಾಕುತ್ತಾರೆ. ಸಾಲ ತೆಗೆದವನು ಕಟ್ಟದಿದ್ದರೆ ನೋಟಿಸ್ ಅವರ ಮನೆಗೂ ಬರುತ್ತದೆ. ಅವರು ದುಡ್ಡು ಕಟ್ಟಿದರೆ ಲೆಕ್ಕ ಚುಕ್ತಾ. ಯಾರ ಜೇಬಿನದಾದರೂ ದುಡ್ಡು ದುಡ್ಡೇ. ಆದರೆ ಅದೇ ಮನುಷ್ಯ ಯಾರಿಗೋ ಮಚ್ಚಿನಲ್ಲಿ ಹೊಡೆದು ಜೈಲು ಸೇರಿದರೆ? ‘ಅವನ ಬದಲು ನಾನು ಒಳಗಿರ್ತೀನಿ’ ಎಂದು ನೆಂಟರು ಹೋದರೆ ಯಾವ ಕೋರ್ಟೂ ಒಪ್ಪುವುದಿಲ್ಲ.

ಯೇಸು ನಮ್ಮ ಪಾಪಕ್ಕಾಗಿ ಪ್ರಾಣ ಕೊಟ್ಟರು ಎಂಬ ನಂಬಿಕೆಯ ಸುತ್ತ ನಡೆದ ವಾದವೆಲ್ಲ ಬಹುಪಾಲು ಇಲ್ಲೇ ಸುತ್ತುತ್ತದೆ. ಪಾಪ ಸಾಲವೋ, ಅಪರಾಧವೋ? ಶುಭ ಶುಕ್ರವಾರ ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿ ಶಿಲುಬೆಯ ಮುಂದೆ ಮಂಡಿಯೂರಿ ಕಣ್ಣೀರಿಡುವವರನ್ನು ನೋಡಿದರೆ ಇದನ್ನು ಕೇಳಲು ಸಂಕೋಚವಾಗುತ್ತದೆ. ಆದರೂ ಕೇಳುತ್ತೇನೆ. ಯಾಕೆಂದರೆ ನನಗಿಂತ ಮೊದಲು ಇದನ್ನು ಕೇಳಿದವರು ಆ ಶಿಲುಬೆಯನ್ನೇ ನಂಬಿದ್ದ ಜನ.

ಕ್ರಿ.ಶ. 325ರಲ್ಲಿ ಇಂದಿನ ಟರ್ಕಿಯಲ್ಲಿರುವ ನೈಸಿಯದಲ್ಲಿ ಬಿಷಪ್‌ಗಳು ಸಭೆ ಸೇರಿ, ಯೇಸು ಯಾರು ಎಂಬುದನ್ನು ತೀರ್ಮಾನಿಸಿದರು. ಆದರೆ ಅವರ ಸಾವು ನಮ್ಮ ಪಾಪವನ್ನು ಹೇಗೆ ಕಳೆಯುತ್ತದೆ ಎಂಬುದಕ್ಕೆ ಹಳೆಯ ಮಹಾಸಭೆಗಳು ಇದೇ ಸರಿ ಎಂದು ಒಂದು ಉತ್ತರ ಕಟ್ಟಿಕೊಡಲಿಲ್ಲ. ಹಾಗಾಗಿ ಒಂದೊಂದು ಕಾಲ ಒಂದೊಂದು ಉತ್ತರ ಹೇಳಿತು.

ಮಾರ್ಕನ ಸುವಾರ್ತೆಯಲ್ಲಿ ಯೇಸು ತಮ್ಮ ಪ್ರಾಣವನ್ನು ಅನೇಕರಿಗಾಗಿ ಈಡು ಕೊಡಲು ಬಂದೆ ಎನ್ನುತ್ತಾರೆ. ಈಡು, ಅಂದರೆ ಸೆರೆಯಿಂದ ಬಿಡಿಸಲು ಕೊಡುವ ಬೆಲೆ, ಅಂದಮೇಲೆ ಅದನ್ನು ಪಡೆದವನು ಯಾರು? ಸೈತಾನ ಎಂದರು 3ನೇ ಶತಮಾನದ ಕ್ರೈಸ್ತ ಪಂಡಿತ ಓರಿಜೆನ್. 4ನೇ ಶತಮಾನದ ಬಿಷಪ್ ನಿಸ್ಸಾದ ಗ್ರೆಗೊರಿ ಇನ್ನೂ ಮುಂದೆ ಹೋದರು. ಯೇಸುವಿನ ಮನುಷ್ಯ ದೇಹ ಎರೆ, ಒಳಗಿನ ದೈವತ್ವ ಗಾಳದ ಕೊಕ್ಕೆ, ಸೈತಾನ ಅದನ್ನು ನುಂಗಿ ಸಿಕ್ಕಿಬಿದ್ದ ಎಂದರು. ಅದೇ ಶತಮಾನದಲ್ಲಿ ಅವರ ಗೆಳೆಯ ನಾಜಿಯಾಂಜಸ್‌ನ ಗ್ರೆಗೊರಿಗೆ ಇದು ಸಹಿಸಲಿಲ್ಲ. ಸೈತಾನನಂಥ ಕಳ್ಳನಿಗೆ ದೇವರು ಬೆಲೆ ಕೊಡುವುದೇ ಎಂದು ಸಿಟ್ಟಾದರು. ತಂದೆಯಾದ ದೇವರಿಗೆ ಕೊಟ್ಟದ್ದು ಎಂದರೆ, ನಮ್ಮನ್ನು ಸೆರೆ ಹಿಡಿದವನು ತಂದೆ ಅಲ್ಲವಲ್ಲ ಎಂದೂ ಕೇಳಿದರು. ಆ ಪ್ರಶ್ನೆ ಇವತ್ತಿಗೂ ಹಳತಾಗಿಲ್ಲ.

1098ರ ಹೊತ್ತಿಗೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಅನ್ಸೆಲ್ಮ್ ಸೈತಾನನನ್ನು ಲೆಕ್ಕದಿಂದ ತೆಗೆದರು. ಅವರದು ಪಾಳೆಗಾರಿಕೆಯ ಕಾಲ. ದೊರೆಯ ಮಾನಕ್ಕೆ ಕುಂದು ತಂದವನು ಅದನ್ನು ತುಂಬಿಕೊಡಬೇಕು. ದೇವರ ಮಾನ ಅಳತೆಗೆ ಸಿಗದ್ದು, ಮನುಷ್ಯನಿಂದ ತುಂಬಲು ಆಗದು, ಆದ್ದರಿಂದ ದೇವರೇ ಮನುಷ್ಯನಾಗಿ ಬಂದು ತೀರಿಸಿದ ಎಂದರು. ಕೆಲವೇ ದಶಕಗಳಲ್ಲಿ ಪ್ಯಾರಿಸ್ಸಿನ ಪಂಡಿತ ಅಬೆಲಾರ್ಡ್ ತಿರುಗಿ ಕೇಳಿದರು: ತಪ್ಪಿಲ್ಲದವನ ರಕ್ತವನ್ನು ಬೆಲೆಯಾಗಿ ಕೇಳುವುದು ಕ್ರೌರ್ಯ ಅಲ್ವಾ? ಶಿಲುಬೆಯಲ್ಲಿ ಕಾಣುವ ಪ್ರೀತಿ ನಮ್ಮ ಮನಸ್ಸನ್ನು ತಿರುಗಿಸುತ್ತದೆ, ರಕ್ಷಣೆ ಅದೇ ಎಂದರು. ಫ್ರಾನ್ಸಿನ ಸಾನ್ಸ್ ಎಂಬಲ್ಲಿ ಸೇರಿದ ಚರ್ಚ್ ಸಭೆ ಅವರ ಬೋಧನೆಯನ್ನು ಖಂಡಿಸಿತು.

16ನೇ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಕಾನೂನು ಓದಿದವರು. ಅವರ ಕೈಯಲ್ಲಿ ಸಾಲ ಹೋಗಿ ಶಿಕ್ಷೆ ಬಂತು. ನಮಗೆ ಬೀಳಬೇಕಿದ್ದ ಶಿಕ್ಷೆ ಯೇಸುವಿನ ಮೇಲೆ ಬಿತ್ತು ಎಂಬ ಮಾತು, ನಾವು ಇವತ್ತು ಜಾಸ್ತಿ ಕೇಳುವ ಮಾತು, ಬಲವಾಗಿದ್ದು ಆಗಲೇ. ಅದೇ ಶತಮಾನದ ಕೊನೆಗೆ ಇಟಲಿಯ ಧರ್ಮಚಿಂತಕ ಸೊಸೀನಸ್ ಎತ್ತಿದ ಆಕ್ಷೇಪ ನಮ್ಮ ಸೊಸೈಟಿ ಲೆಕ್ಕವೇ. ದುಡ್ಡನ್ನು ಒಬ್ಬರ ಬದಲು ಇನ್ನೊಬ್ಬರು ಕಟ್ಟಬಹುದು, ಶಿಕ್ಷೆಯನ್ನಲ್ಲ. ಸಾಲ ಪೂರ್ತಿ ತೀರಿದ್ದರೆ ಕ್ಷಮಿಸಲು ಉಳಿದದ್ದೇನು ಎಂದೂ ಕೇಳಿದರು.

ನಮ್ಮ ನೆಲದಲ್ಲಿ ಈ ಪ್ರಶ್ನೆಗೆ ಬೇರೆಯೇ ಬೇರಿದೆ. ದರೋಡೆ ಮಾಡಿ ಮನೆ ಸಾಕುತ್ತಿದ್ದವನಿಗೆ ನಾರದರು ಕೇಳಿದ್ದು ನೆನಪಿದೆಯಲ್ಲ: ನಿನ್ನ ಅನ್ನ ತಿನ್ನುವವರು ನಿನ್ನ ಪಾಪದಲ್ಲೂ ಪಾಲು ತಗೊಳ್ತಾರಾ? ಹೆಂಡತಿ ಮಕ್ಕಳು ಆಗಲ್ಲ ಎಂದರು. ಅವನು ವಾಲ್ಮೀಕಿಯಾದ. ಈ ಕಥೆ ಕೇಳಿ ಬೆಳೆದವರಿಗೆ ಪಾಪ ಕೈ ಬದಲಾಯಿಸುತ್ತದೆ ಎಂಬುದು ಸುಲಭಕ್ಕೆ ಒಗ್ಗುವುದಿಲ್ಲ. ರಾಜಾರಾಮ ಮೋಹನ ರಾಯರು 1820ರಲ್ಲಿ ಯೇಸುವಿನ ನೀತಿಬೋಧೆಗಳನ್ನು ಮಾತ್ರ ಆರಿಸಿ ಅಚ್ಚು ಹಾಕಿದಾಗ ಸೆರಾಂಪುರದ ಮಿಷನರಿ ಮಾರ್ಷ್‌ಮನ್ ವಾದಕ್ಕಿಳಿದರು. ನಮ್ಮ ಪಾಪಕ್ಕೆ ಯೇಸುವಿನ ಸಾವೇ ಪ್ರಾಯಶ್ಚಿತ್ತ ಎಂಬುದೇ ಆ ವಾದದ ಒಂದು ಮುಖ್ಯ ವಿಷಯ. ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಒಬ್ಬ ಕ್ರೈಸ್ತ ಗೆಳೆಯ, ಪಾಪದ ಹೊರೆಯನ್ನು ಯೇಸುವಿನ ಮೇಲೆ ಹಾಕಿಬಿಡಿ ಎಂದಾಗ ಗಾಂಧೀಜಿ ಒಪ್ಪಲಿಲ್ಲ. ಪಾಪದ ಫಲದಿಂದ ಬಿಡುಗಡೆ ನನಗೆ ಬೇಡ, ಪಾಪದಿಂದಲೇ ಬಿಡುಗಡೆ ಬೇಕು ಎಂಬುದು ಅವರ ನಿಲುವು.

ನಂಬುವವರ ಉತ್ತರವನ್ನೂ ಕೇಳಬೇಕು. ದೇವರು ಮೂರನೆಯವನನ್ನು ಹಿಡಿದು ಹೊಡೆಯಲಿಲ್ಲ, ತಾನೇ ಬಂದು ನೋವುಂಡ ಎನ್ನುತ್ತಾರೆ. ಈ ಮಾತು ನನ್ನನ್ನು ನಿಜಕ್ಕೂ ತಟ್ಟುತ್ತದೆ. ಸಾಲ ಮನ್ನಾ ಮಾಡುವವನು ನಷ್ಟವನ್ನು ತಾನೇ ಹೊರುತ್ತಾನೆ. ಆದರೆ ಅದು ಮನ್ನಾ, ಶಿಕ್ಷೆಯಲ್ಲ. ಯೇಸು ಹೇಳಿದ ಕಥೆಯಲ್ಲೂ ಹತ್ತು ಸಾವಿರ ತಲಾಂತು, ಅಂದರೆ ತೀರಿಸಲಾಗದಷ್ಟು ದೊಡ್ಡ ಹಣ, ಸಾಲ ಮಾಡಿದವನನ್ನು ರಾಜ ಸುಮ್ಮನೆ ಬಿಟ್ಟುಬಿಡುತ್ತಾನೆ. ಬದಲಿಗೆ ಯಾರ ಜಾಮೀನನ್ನೂ ಕೇಳುವುದಿಲ್ಲ.

ನನಗೆ ಇನ್ನೂ ಚುಚ್ಚುವುದು ಏಟು ತಿಂದವರ ವಿಚಾರ. ಮೋಸ ಮಾಡಿದವನಿಗೆ ದೇವರ ಹತ್ತಿರ ಕ್ಷಮೆ ಸಿಕ್ಕಿತು ಸರಿ, ಮೋಸ ಹೋದವಳಿಗೆ ಏನು ಸಿಕ್ಕಿತು? ಲೂಕನ ಸುವಾರ್ತೆಯಲ್ಲಿ ಜಕ್ಕಾಯ ಎಂಬ ಸುಂಕದವನು ಬರುತ್ತಾನೆ. ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ, ಯಾರಿಂದಲಾದರೂ ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎಂದು ನಿಂತು ಹೇಳುತ್ತಾನೆ. ಯೇಸು ಆಗಿನ್ನೂ ಜೆರುಸಲೇಮ್ ಮುಟ್ಟಿರಲಿಲ್ಲ, ಶಿಲುಬೆ ಏರಿರಲಿಲ್ಲ. ಇವತ್ತು ಈ ಮನೆಗೆ ರಕ್ಷಣೆ ಬಂತು ಎಂದು ಅಲ್ಲೇ ಹೇಳಿದರು.